ರಕ್ತ ಕಡಿಮೆ ಇದ್ದರೆ ಹೆರಿಗೆ ಹೇಗೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಏಳನೇ ತಿಂಗಳಲ್ಲಿ ಸುರಪುರದ ಗಂಡನ ಮನೆಯಿಂದ ಶಹಾಪುರದ ತವರಿಗೆ ಬಂದಿದ್ದಳು. ಅವಳ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7.8 ಎಂದಿತ್ತು. ಅತ್ತೆಯದು ಒಂದೇ ಮಾತು: "ಖೂನ್ ಕಮ್ಮಿ ಇದೆ, ನೋವು ತಿನ್ನಲು ಶಕ್ತಿ ಎಲ್ಲಿದೆ? ಆಪರೇಶನ್ ಮಾಡಿಸಿಬಿಡಿ." ತಾಯಿಯ ಮಾತು ತದ್ವಿರುದ್ಧ: "ಆಪರೇಶನ್ ಮಾಡಿದರೆ ಇದ್ದ ರಕ್ತವೂ ಹೋಗುತ್ತದೆ. ಮನೆಯಲ್ಲೇ ಸೂಲಗಿತ್ತಿಯನ್ನು ಕರೆಸೋಣ." ಇಬ್ಬರೂ ಪ್ರೀತಿಯಿಂದಲೇ ಹೇಳುತ್ತಿದ್ದರು. "ಆಪಾ, ನಾನು ಯಾರ ಮಾತು ಕೇಳಲಿ?" ಎಂದಳು ಹುಡುಗಿ.

ನಾನು ಪಾಠ ಹೇಳುವವಳು, ವೈದ್ಯೆಯಲ್ಲ. ಅವಳ ಜೊತೆ ಆಸ್ಪತ್ರೆಗೆ ಹೋಗಿ ಕುಳಿತೆ. ಅಲ್ಲಿ ತಿಳಿದದ್ದನ್ನೂ ಆಮೇಲೆ ಓದಿದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ ಸಹೋದರಿಯರೇ.

ರಕ್ತಹೀನತೆ ಒಂದೇ ಸಿಸೇರಿಯನ್‌ಗೆ ಕಾರಣವಲ್ಲ. ಸಹಜ ಹೆರಿಗೆಯಲ್ಲಿ ಸಾಮಾನ್ಯವಾಗಿ ಅರ್ಧ ಲೀಟರಿಗಿಂತ ಕಡಿಮೆ ರಕ್ತ ಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕಿಂತ ಹೆಚ್ಚು, ಒಮ್ಮೊಮ್ಮೆ ಒಂದು ಲೀಟರಿನವರೆಗೂ ಹೋಗುತ್ತದೆ. ರಕ್ತ ಕಡಿಮೆ ಇರುವವಳಿಗೆ ಹೊಟ್ಟೆ ಕೊಯ್ದು ಇನ್ನಷ್ಟು ಕಳೆಯುವುದೇಕೆ? ಆದರೆ ಮಾಸು ಗರ್ಭದ ಬಾಯಿಗೆ ಅಡ್ಡ ಬಂದಿದ್ದರೆ, ಮಗು ಅಡ್ಡ ಮಲಗಿದ್ದರೆ, ಮಗುವಿನ ಎದೆಬಡಿತ ಕುಸಿದರೆ ಆಪರೇಶನ್ ಬೇಕೇಬೇಕು. ಆಗ ರಕ್ತ ಕಡಿಮೆ ಎಂದು ಹಿಂಜರಿಯುವಂತಿಲ್ಲ. ರಕ್ತ ಸಿದ್ಧವಿಟ್ಟುಕೊಂಡೇ ಮಾಡುತ್ತಾರೆ.

ಹಾಗಾದರೆ ತಾಯಿ ಹೇಳಿದಂತೆ ಮನೆಯಲ್ಲಿ? ಅದಂತೂ ಬೇಡವೇ ಬೇಡ. ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ ಸಹಜ ಹೆರಿಗೆಯಾದ ಹತ್ತು ಸಾವಿರಕ್ಕೂ ಹೆಚ್ಚು ರಕ್ತಹೀನ ತಾಯಂದಿರ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಮಧ್ಯಮ ರಕ್ತಹೀನತೆಯವರಲ್ಲಿ ನೂರಕ್ಕೆ ಆರು ಮಂದಿಗೆ ಅತಿಸ್ರಾವವಾದರೆ, ತೀವ್ರ ರಕ್ತಹೀನತೆಯವರಲ್ಲಿ ಹನ್ನೊಂದು ಮಂದಿಗೆ ಆಯಿತು. ಸಾವು ಅಥವಾ ಸಾವಿನ ಅಂಚಿಗೆ ಹೋಗುವ ಅಪಾಯ ಸುಮಾರು ಏಳು ಪಟ್ಟು. ಗಟ್ಟಿ ರಕ್ತದ ಹೆಣ್ಣು ತಡೆದುಕೊಳ್ಳುವ ನಷ್ಟವನ್ನು ಇವಳ ಹೃದಯ ತಾಳುವುದಿಲ್ಲ. ಹೇಗೆ ಹೆರುವುದು ಎಂದು ಜಗಳವಾಡುವ ಮನೆಗಳಲ್ಲಿ ಎಲ್ಲಿ ಹೆರುವುದು ಎಂದು ಕೇಳುವವರೇ ಇರುವುದಿಲ್ಲ!

ನಮ್ಮ ಕಡೆ ಈ ಪ್ರಶ್ನೆ ದೊಡ್ಡದು. ಯಾದಗಿರಿ 2009ರ ಡಿಸೆಂಬರ್‌ನಲ್ಲಿ ಜಿಲ್ಲೆಯಾಯಿತು, ಜಿಲ್ಲಾಸ್ಪತ್ರೆ ಇದೆ. ಆದರೆ ಸುರಪುರದಿಂದ ಶಹಾಪುರದ ಮೇಲೆ, ಭೀಮಾ ನದಿ ದಾಟಿ ಹೋಗಲು 50 ಕಿಲೋಮೀಟರಿಗೂ ಹೆಚ್ಚು. ನಾರಾಯಣಪುರದ ಕಡೆಯವರಿಗೆ ಇನ್ನೂ ದೂರ. ಆದ್ದರಿಂದ ಎಂಟನೇ ತಿಂಗಳಲ್ಲೇ ನಿಮ್ಮ ಆಸ್ಪತ್ರೆಯಲ್ಲಿ ಕೇಳಿ: ಇಲ್ಲಿ ರಕ್ತ ಸಿಗುತ್ತದೆಯೇ? ರಾತ್ರಿ ಅರಿವಳಿಕೆ ವೈದ್ಯರು ಬರುತ್ತಾರೆಯೇ? ಇಲ್ಲವೆಂದರೆ ನೋವು ಬರುವ ಮುಂಚೆಯೇ ದೊಡ್ಡ ಆಸ್ಪತ್ರೆಯ ಹತ್ತಿರ ಹೋಗಿ ಇರಿ. 108 ವಾಹನವಿದೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತವೆಂದು 2011ರಿಂದಲೇ ನಿಯಮವಿದೆ. ಮನೆಯ ಗಂಡಸರು ಮೊದಲೇ ರಕ್ತನಿಧಿಗೆ ಹೋಗಿ ರಕ್ತ ಕೊಟ್ಟು ಬರಲಿ. ಜೀವ ಉಳಿಸಲು ರಕ್ತ ಕೊಡುವುದಕ್ಕೂ ಪಡೆಯುವುದಕ್ಕೂ ಧರ್ಮದ ಅಡ್ಡಿಯಿಲ್ಲ. ನನ್ನನ್ನು ಹಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇನ್ನು ರಕ್ತ ಹೆಚ್ಚಿಸುವ ಮಾತು. ಗರ್ಭಿಣಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ. ರಕ್ತ ಕಡಿಮೆಯಿದ್ದವರಿಗೆ ದಿನಕ್ಕೆ ಎರಡು. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ ಎಷ್ಟು ಮನೆಗಳ ಗೂಡಿನಲ್ಲಿ ಹಾಗೆಯೇ ಬಿದ್ದಿದೆಯೋ! ಮಲ ಕಪ್ಪಾಗುವುದು ಸಹಜ, ಹೆದರಬೇಡಿ. ವಾಕರಿಕೆ ಬಂದರೆ ಊಟದ ನಂತರ ರಾತ್ರಿ ನುಂಗಿ, ಆದರೆ ಬಿಡಬೇಡಿ. ಒಂದು ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತನಾಳದ ಮೂಲಕ ಕಬ್ಬಿಣಾಂಶ ಏರಿಸುತ್ತಾರೆ. ಏರದಿರಲು ಬೇರೆ ಕಾಯಿಲೆಯೂ ಕಾರಣವಿರಬಹುದು. ಏರಿಸಿದ್ದು ಫಲ ಕೊಡಲು ವಾರಗಳು ಬೇಕು, ಒಂಬತ್ತನೇ ತಿಂಗಳ ಕೊನೆಗೆ ಓಡಿದರೆ ರಕ್ತ ಹಾಕಿಸುವುದೊಂದೇ ದಾರಿ ಉಳಿಯಬಹುದು. ಗುಳೆ ಹೋಗುವವರು ಬೆಂಗಳೂರಾಗಲಿ ಪುಣೆಯಾಗಲಿ, ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೋಗಿ. ಅಲ್ಲೂ ತಪಾಸಣೆ ಮಾಡಿಸಬಹುದು.

ಊಟದಲ್ಲಿ ಸಜ್ಜೆ ರೊಟ್ಟಿ, ತೊಗರಿಬೇಳೆ, ಮೆಂತ್ಯ ಪಲ್ಲೆ, ಎಳ್ಳು ಇರಲಿ. ಮೇಲೆ ನಿಂಬೆ ಹಿಂಡಿಕೊಳ್ಳಿ. ಮಾಂಸ ತರುವ ಮನೆಯಲ್ಲಿ ಗರ್ಭಿಣಿಯ ತಟ್ಟೆಗೆ ಎರಡು ತುಂಡು ಹೆಚ್ಚು ಬೀಳಲಿ, ಎಲ್ಲರೂ ಉಂಡ ಮೇಲೆ ಉಳಿದ ಸಾರು ಮಾತ್ರವಲ್ಲ. ಊಟದ ಬೆನ್ನಿಗೇ ಚಹಾ ಬೇಡ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ರಂಜಾನ್ ಬಂದರೆ, ತನಗೋ ಮಗುವಿಗೋ ತೊಂದರೆಯ ಭಯವಿರುವ ಗರ್ಭಿಣಿಗೆ ಉಪವಾಸ ಬಿಟ್ಟು ನಂತರ ಪೂರೈಸುವ ರಿಯಾಯಿತಿ ಇದೆ. ಅತ್ತೆಯಂದಿರೇ, ಆ ರಿಯಾಯಿತಿಯನ್ನು ಸೊಸೆ ಬೇಡಿ ಪಡೆಯುವಂತೆ ಮಾಡಬೇಡಿ.

ನಮ್ಮ ಹುಡುಗಿಗೆ ಕಬ್ಬಿಣಾಂಶ ಏರಿಸಿದರು. ಹೆರಿಗೆಯ ಹೊತ್ತಿಗೆ ಹಿಮೋಗ್ಲೋಬಿನ್ 9.9 ಇತ್ತು. ನೋವು ಶುರುವಾಗುವ ಎರಡು ದಿನ ಮೊದಲೇ ಯಾದಗಿರಿಯಲ್ಲಿ ಸಂಬಂಧಿಕರ ಮನೆ ಸೇರಿದ್ದಳು. ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಯಿತು. ಮಗು ಹೊರಬಂದ ಕೂಡಲೇ ಸ್ರಾವ ತಡೆಯುವ ಇಂಜೆಕ್ಷನ್ ಕೊಟ್ಟರು, ಹೊಕ್ಕುಳಬಳ್ಳಿಯನ್ನು ತುಸು ತಡೆದು ಕತ್ತರಿಸಿದರು. ಆ ಒಂದೆರಡು ನಿಮಿಷದಲ್ಲಿ ಮಗುವಿಗೆ ಮಾಸಿನಿಂದ ಇನ್ನಷ್ಟು ರಕ್ತ ಹೋಗುತ್ತದಂತೆ. ನಲವತ್ತು ದಿನದ ಛಿಲ್ಲಾ ಮುಗಿಯುತ್ತಲೇ ಮಾತ್ರೆ ನಿಲ್ಲಿಸಲು ಹೊರಟಿದ್ದಳು. ಹೆರಿಗೆಯ ನಂತರವೂ ಆರು ತಿಂಗಳು ನುಂಗಬೇಕೆಂದು ಹೇಳಿದಾಗ ಅತ್ತೆಯೇ ಡಬ್ಬಿಯನ್ನು ತನ್ನ ಪಾನದಾನದ ಪಕ್ಕದಲ್ಲಿಟ್ಟುಕೊಂಡು ದಿನವೂ ಎಣಿಸಿ ಕೊಡತೊಡಗಿದರು.