ಗರಗದ ತಮ್ಮ, ಹಲಸೂರಿನ ತಂಬಿ

ಧಾರವಾಡದ ಕಡೆ ಹುಡುಗರಿಗೆಲ್ಲ ಒಂದೇ ಹೆಸರು. ಕಟ್ಟೆಯ ಮೇಲೆ ಕುಳಿತ ಹಿರಿಯರು 'ಏ ತಮ್ಮಾ, ಬಾ ಇಲ್ಲೆ' ಎಂದರೆ ಸಾಕು, ದಾರಿಯಲ್ಲಿ ಹೋಗುವ ಎಲ್ಲ ಹುಡುಗರೂ ಒಮ್ಮೆ ತಿರುಗಿ ನೋಡುತ್ತಾರೆ. ಗರಗದ ಅಂಥ ಒಬ್ಬ ತಮ್ಮ ಅಗ್ನಿವೀರನಾಗಿ ಬೆಂಗಳೂರಿಗೆ ಹೋದ. ಮೊದಲ ವಾರವೇ ಹಿಂದಿನಿಂದ ಯಾರೋ 'ತಂಬಿ!' ಎಂದು ಕೂಗಿದರಂತೆ. ನಮ್ಮೂರಿನವರು ಯಾರೋ ಬಂದಿದ್ದಾರೆಂದು ಇವನು ಖುಷಿಯಿಂದ ತಿರುಗಿದರೆ, ಮೀಸೆ ಹೊತ್ತ ತಮಿಳು ಹವಾಲ್ದಾರರು ನಿಂತಿದ್ದರು! ತಮಿಳಿನಲ್ಲೂ ತಂಬಿ ಎಂದರೆ ತಮ್ಮನೇ. ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರನ್ನು ಇಡೀ ಭಾರತೀಯ ಸೇನೆ ಅಕ್ಕರೆಯಿಂದ ಕರೆಯುವುದೇ ಹಾಗೆ.

ರಜೆಗೆ ಬಂದಿದ್ದಾಗ ಅವನನ್ನು ಮಾತಾಡಿಸಲು ನಾನು ಗರಗಕ್ಕೆ ಹೋಗಿದ್ದೆ. 'ನನ್ನ ಹೆಸರು, ಈಗಿರೋ ಜಾಗಾ ಪೇಪರಿನ್ಯಾಗ ಹಾಕಬ್ಯಾಡ್ರಿ' ಎಂದು ಮೊದಲೇ ಹೇಳಿದ. ಸೈನಿಕನ ಮಾತು, ಮೀರುವಂತಿಲ್ಲ. ನಾವೂ ಅವನನ್ನು ತಮ್ಮ ಎಂದೇ ಕರೆಯೋಣ.

ಅವನ ಮನೆಯಲ್ಲಿ ಮಾತು ಶುರು ಮಾಡಿದ್ದು ಅವನಲ್ಲ, ಅವನ ಆಯಿ. ಆ ಕಡೆ ಅಜ್ಜಿಯನ್ನು ಆಯಿ ಎನ್ನುತ್ತಾರೆ. ಎಪ್ಪತ್ತು ದಾಟಿದ ಈ ಆಯಿ ಪ್ರಾಯದಲ್ಲಿ ಚರಕದ ಮುಂದೆ ಕುಳಿತು ನೂಲು ತೆಗೆದವರು. ಮಕ್ಕಳೇ, ಗರಗ ಎಂದರೆ ನಿಮ್ಮ ಅಜ್ಜ-ಅಜ್ಜಿಯರಿಗೆ ಮಡಿವಾಳೇಶ್ವರರ ಮಠ ನೆನಪಾಗುತ್ತದೆ. ನಿಮಗೆ ಇನ್ನೊಂದು ಸಂಗತಿ ಗೊತ್ತಿರಲಿ. 1954ರಲ್ಲಿ ಇಲ್ಲಿ ಹುಟ್ಟಿದ ಖಾದಿ ಸಂಘದ ಮಗ್ಗಗಳಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುತ್ತಾ ಬಂದಿದ್ದಾರೆ. ಆ ಬಟ್ಟೆಗೆ ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು ಆಮೇಲಿನ ಕೆಲಸ. ಧ್ವಜ ಹೊಲಿಯುವ ಹೆಸರಾಂತ ಕೇಂದ್ರ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಖಾದಿಯಿಂದಲೇ ಧ್ವಜ ಆಗಬೇಕು ಎಂಬ ನಿಯಮ ಬಹಳ ಕಾಲ ಇತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂದು, ಪಾಲಿಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ನೂಲುವ ಮನೆಗಳಲ್ಲಿ ಅಂದಿನಿಂದ ಒಂದು ಚಿಂತೆ ಇದ್ದೇ ಇದೆ.

'ಹುಡುಗ ನೂಲು ಹಿಡಿಯೂದು ಬ್ಯಾಡ ಅಂದೆ. ಅವ ಬಂದೂಕು ಹಿಡದಾ' ಎಂದರು ಆಯಿ.

'ಬಂದೂಕಕ್ಕಿಂತ ಉಳಿ ಸುತ್ತಿಗಿ ಹಿಡದದ್ದ ಹೆಚ್ಚು, ಆಯಿ' ಎಂದು ತಮ್ಮ ನಕ್ಕ.

ಅದು ನಿಜ. ಸೈನಿಕರೆಂದರೆ ಗುಂಡು ಹಾರಿಸುವವರು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಸೈನ್ಯ ನದಿ ದಾಟಬೇಕಲ್ಲ? ಶತ್ರು ಹೂತಿಟ್ಟ ನೆಲಬಾಂಬುಗಳನ್ನು ತೆಗೆಯಬೇಕಲ್ಲ? ಗುಡ್ಡದಲ್ಲಿ ರಸ್ತೆ, ಕುಡಿಯುವ ನೀರು, ಇರಲು ಸೂರು ಇವನ್ನೆಲ್ಲ ಯಾರು ಮಾಡಬೇಕು? ಅದಕ್ಕೇ ಎಂಜಿನಿಯರ್ ಪಡೆ ಇದೆ. ಅದರ ಸೈನಿಕನನ್ನು ಸ್ಯಾಪರ್ ಎನ್ನುತ್ತಾರೆ. ಈ ಪಡೆಯಲ್ಲಿ ಮೂರು ಹಳೆಯ ಗುಂಪುಗಳಿವೆ. ಬಂಗಾಳದ್ದು ರೂರ್ಕಿಯಲ್ಲಿ, ಬಾಂಬೆಯದ್ದು ಪುಣೆಯ ಬಳಿಯ ಖಡಕಿಯಲ್ಲಿ, ಮದ್ರಾಸಿನದ್ದು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿ. ಮದ್ರಾಸ್ ಗುಂಪು ಶುರುವಾದದ್ದು 1780ರಲ್ಲಿ. ಮುಳ್ಳುತಂತಿಯ ಬೇಲಿಯನ್ನು ದೂರದಿಂದಲೇ ಸಿಡಿಸಿ ದಾರಿ ಮಾಡುವ ಉದ್ದನೆಯ ಕೊಳವೆ ಬಾಂಬಿಗೆ ಜಗತ್ತಿನಾದ್ಯಂತ 'ಬ್ಯಾಂಗಲೋರ್ ಟಾರ್ಪಿಡೊ' ಎಂಬ ಹೆಸರಿದೆ. 1912ರಲ್ಲಿ ಅದನ್ನು ರೂಪಿಸಿದ್ದು ಇದೇ ಗುಂಪಿನ ಅಧಿಕಾರಿ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್.

ಇನ್ನು ತಮ್ಮನ ದಿನಚರಿ. ಬೆಳಗಿನ ಐದಕ್ಕೂ ಮೊದಲೇ ಎದ್ದು ಹಾಸಿಗೆ ಸುತ್ತಬೇಕು, ಗಡ್ಡ ಕೆರೆಯಬೇಕು. ಗಡ್ಡವೇ ಸರಿಯಾಗಿ ಬಂದಿರದ ಹುಡುಗನಿಗೂ ಅದು ತಪ್ಪಿದ್ದಲ್ಲ! ಆಮೇಲೆ ಓಟ, ವ್ಯಾಯಾಮ, ಹಗ್ಗ ಹತ್ತುವುದು. ತಿಂಡಿ ತಿಂದು ಬೂಟಿನ ಹೊಳಪು ನೋಡಿಕೊಂಡು ಮೈದಾನಕ್ಕೆ ಹೋದರೆ ಕವಾಯತು. 'ಸಾವಧಾನ್, ವಿಶ್ರಾಮ್, ಪೀಛೇ ಮುಡ್' ಎಲ್ಲವೂ ಹಿಂದಿಯಲ್ಲಿ. ಕಲಿಸುವವರನ್ನು 'ಉಸ್ತಾದ್' ಎನ್ನಬೇಕು. ಮಧ್ಯಾಹ್ನದ ಮೇಲೂ ಪಾಠ, ಸಂಜೆ ಆಟ, ರಾತ್ರಿ ಹಾಜರಿ. ಅದು ಮುಗಿದ ಮೇಲೆ ಮರುದಿನದ ಬಟ್ಟೆಗೆ ಇಸ್ತ್ರಿ. ದೀಪ ಆರುವ ಹೊತ್ತಿಗೆ ಕಣ್ಣು ತಾವಾಗಿಯೇ ಮುಚ್ಚಿರುತ್ತಿದ್ದವಂತೆ.

ಗರಗದ ಶಾಲೆಯಲ್ಲಿ ಹಿಂದಿ ಓದಿದ್ದ, ಪರೀಕ್ಷೆಯಲ್ಲಿ ಪಾಸೂ ಆಗಿದ್ದ. ಆದರೆ ಮೈದಾನದಲ್ಲಿ ಕೂಗುವ ಹಿಂದಿ ಬೇರೆ. ಮೊದಲ ದಿನಗಳಲ್ಲಿ ಎಲ್ಲರೂ ಬಲಕ್ಕೆ ತಿರುಗಿದಾಗ ಇವನೊಬ್ಬ ಎಡಕ್ಕೆ ತಿರುಗಿ, ಪಕ್ಕದ ಕೇರಳದ ಹುಡುಗನಿಗೆ ಮುಖಾಮುಖಿಯಾಗಿ ನಿಲ್ಲುತ್ತಿದ್ದ. ಹಾಗೆ ನಿಂತು ನಿಂತೇ ಇಬ್ಬರೂ ಗೆಳೆಯರಾದರು. ಕೋಣೆಯಲ್ಲಿ ತಮಿಳು, ಮಲಯಾಳಂ, ತೆಲುಗು, ಕನ್ನಡ ನಾಲ್ಕೂ ಇದ್ದವು. ಜಗಳ ಮಾತ್ರ ಹಿಂದಿಯಲ್ಲಿ, ಎಲ್ಲರಿಗೂ ಅರ್ಥವಾಗಲಿ ಎಂದು.

ಎಲ್ಲಕ್ಕಿಂತ ಕಷ್ಟವಾದದ್ದು ರೊಟ್ಟಿ ಇಲ್ಲದ್ದು. ಹೊಟ್ಟೆ ತುಂಬ ಚಪಾತಿ, ಬೇಳೆ, ಅನ್ನ, ಮೊಟ್ಟೆ ಎಲ್ಲ ಇತ್ತು. ಆದರೆ ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಉಂಡವನಿಗೆ ಅದು ಊಟ ಅನ್ನಿಸಲಿಲ್ಲ.

ಮೂರನೆಯ ವಾರ. ರವಿವಾರ ಮನೆಗೆ ಫೋನು ಮಾಡಿದವನು ಮೊದಲು ಏನೂ ಹೇಳಲಿಲ್ಲ. ಆಮೇಲೆ ಒಂದೇ ಮಾತು: 'ಆಯಿ, ನಾ ಬಂದಬಿಡ್ತೇನಿ.'

ಇಂಥ ಹೊತ್ತಲ್ಲಿ ನಾವಾಗಿದ್ದರೆ ಏನು ಹೇಳುತ್ತಿದ್ದೆವು? ನಾನಾಗಿದ್ದರೆ ದೇಶ, ಧೈರ್ಯ ಎಂದು ಉಪದೇಶ ಶುರು ಮಾಡಿ ಹುಡುಗನನ್ನು ಇನ್ನಷ್ಟು ಅಳಿಸುತ್ತಿದ್ದೆ. ಅವನ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಆಯಿ ಮಾತ್ರ ಕೇಳಿದರು: 'ಊಟಾ ಮಾಡಿದಿ?'

'ಹೂಂ.'

'ಹಂಗಾರ ಈ ವಾರ ಒಂದು ಇರು. ಬರೂ ರವಿವಾರ ಫೋನ್ ಮಾಡು. ಆವಾಗೂ ಬರ್ತೇನಿ ಅಂದ್ರ ನಿಮ್ಮಪ್ಪನ್ನ ಕಳಸ್ತೇನಿ.'

ಮುಂದಿನ ರವಿವಾರವೂ ಅವನು ಬರುತ್ತೇನೆ ಎಂದ. ಆಯಿ ಮತ್ತೆ ಒಂದು ವಾರ ಇರು ಎಂದರು. ಹೀಗೆ ಎಷ್ಟು ವಾರ ಸಾಗಿತೋ ಇಬ್ಬರಿಗೂ ಈಗ ನೆನಪಿಲ್ಲ. ಒಂದು ರವಿವಾರ ಅವನು ಫೋನಿನಲ್ಲಿ ರಂದ, ಉಳಿ, ಸಾಗುವಾನಿ ಎಂದೆಲ್ಲ ಮಾತಾಡಿದ. ಬರುವ ಮಾತೇ ಎತ್ತಲಿಲ್ಲ. ಆಯಿಯೂ ಕೇಳಲಿಲ್ಲ.

'ಚರಕದ ಮುಂದ ಕುಂತ ಮೊದಲ ತಿಂಗಳು ನಂದೂ ಎಳಿ ಹರೀತಿತ್ತು. ಹರದದ್ದ ಹರದದ್ದು. ಇನ್ನ ಬರೂದಿಲ್ಲ ಅಂತ ದಿನಾ ಹೇಳಿ ಮನಿಗೆ ಬರ್ತಿದ್ದೆ' ಎಂದು ಆಯಿ ನನಗೆ ಹೇಳಿದರು. ಮೊಮ್ಮಗನಿಗೆ ಅಂದು ಇದನ್ನು ಹೇಳಿರಲಿಲ್ಲವಂತೆ.

ಅಗ್ನಿವೀರರ ಮೊದಲ ತಂಡಗಳಿಗೆ ಸೇನೆ ಇಟ್ಟ ತರಬೇತಿ 31 ವಾರಗಳದ್ದು. ಆರಂಭದ ವಾರಗಳಲ್ಲಿ ಯಾರೇ ಆಗಲಿ ಮೊದಲು ಸೈನಿಕನಾಗಬೇಕು. ಆಮೇಲೆ ಸ್ಯಾಪರನಿಗೆ ಒಂದು ಕಸುಬು. ಬಡಗಿ, ಗಾರೆ, ಕಮ್ಮಾರಿಕೆ, ವೆಲ್ಡಿಂಗ್, ವಿದ್ಯುತ್ತು, ನಲ್ಲಿ ಜೋಡಣೆ, ಮಣ್ಣು ಅಗೆಯುವ ಯಂತ್ರ ಓಡಿಸುವುದು ಹೀಗೆ ಹಲವು ಇವೆ. ನಮ್ಮ ತಮ್ಮನ ಪಾಲಿಗೆ ಬಂದದ್ದು ಬಡಗಿತನ. ಮೊದಲು ಅವನಿಗೆ ಬೇಸರವಾಯಿತು. ಊರಿನಲ್ಲಿ ಗೆಳೆಯರು ಕೇಳಿದರೆ ಟ್ಯಾಂಕು, ಮಷಿನ್‌ಗನ್ನು ಎನ್ನುವ ಆಸೆ ಅವನದು. ಮರದ ಎರಡು ತುಂಡನ್ನು ಮೊಳೆಯಿಲ್ಲದೆ, ಬೆಳಕು ತೂರದ ಹಾಗೆ ಕೂಡಿಸು ಎಂದು ಉಸ್ತಾದರು ಕೊಟ್ಟಾಗ, ಎಂಟು ಸಲ ಮಾಡಿದರೂ ಬೆಳಕು ತೂರುತ್ತಲೇ ಇತ್ತು. ಒಂಬತ್ತನೆಯ ಸಲ ಉಸ್ತಾದರು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಏನೂ ಹೇಳದೆ ಮುಂದಿನವನ ಹತ್ತಿರ ಹೋದರು. 'ಅದಕ್ಕಿಂತ ದೊಡ್ಡ ಶಾಭಾಸ್ ಅಲ್ಲಿಲ್ಲ' ಎಂದ.

ಅವನು ಕಣ್ಣರಳಿಸಿ ಹೇಳಿದ್ದು ಬೇಲಿ ಸೇತುವೆಯ ಬಗ್ಗೆ. ಇದು ನಮ್ಮ ಹೊಲದ ಬೇಲಿಯಲ್ಲ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೇಲಿ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ ಉಕ್ಕಿನ ಸೇತುವೆ. ನಿಮ್ಮ ಆಟದ ಸಾಮಾನಿನ ಹಾಗೆ ತುಂಡು ತುಂಡಾಗಿ ಬರುತ್ತದೆ. ಒಂದು ಚೌಕಟ್ಟು ಹತ್ತು ಅಡಿ ಉದ್ದ, ತೂಕ ಸುಮಾರು 260 ಕಿಲೋ. ಕ್ರೇನು ಬೇಡ, ಆರು ಜನ ಕೋಲು ಕೊಟ್ಟು ಎತ್ತುತ್ತಾರೆ. ಒಬ್ಬೊಬ್ಬರ ಪಾಲಿಗೆ ಎಷ್ಟು ತೂಕ ಬರುತ್ತದೆ? ಲೆಕ್ಕ ಹಾಕಿ, ಆಮೇಲೆ ಮನೆಯಲ್ಲಿರುವ ಅಕ್ಕಿ ಚೀಲವನ್ನು ನೋಡಿ. ಚೌಕಟ್ಟುಗಳನ್ನು ದಪ್ಪ ಪಿನ್ನುಗಳಿಂದ ಕೂಡಿಸಿ, ಉರುಳೆಗಳ ಮೇಲಿಟ್ಟು, ಈ ದಂಡೆಯಿಂದಲೇ ಆಚೆ ದಂಡೆಗೆ ತಳ್ಳುತ್ತಾರೆ. ಮೂತಿ ಹೊಳೆಗೆ ಬೀಳದಂತೆ ಹಿಂದಿನ ಭಾಗವನ್ನು ಭಾರವಾಗಿ ಇಟ್ಟಿರುತ್ತಾರೆ. ಏತದ ಲೆಕ್ಕವೇ ಅದು.

ಆರು ಜನರಲ್ಲಿ ಒಬ್ಬ ಅರ್ಧ ಕ್ಷಣ ಮೊದಲು ಕೈಬಿಟ್ಟರೂ ಉಳಿದ ಐವರ ಕಾಲಿಗೆ ಅಪಾಯ. ಎಡ-ಬಲ ಗೊತ್ತಾಗದ ಹುಡುಗನಿಗೆ ಮೈದಾನದ ಕವಾಯತು ಯಾಕಿತ್ತೆಂದು ತಿಳಿದದ್ದು ಆಗ. ಇನ್ನೊಂದು ಪಾಠವನ್ನು ಉಸ್ತಾದರು ದಿನವೂ ಹೇಳುತ್ತಿದ್ದರಂತೆ: ಪಿನ್ನಿನ ತೂತು ಸರಿಯಾಗಿ ಕೂಡಿದೆಯೇ ಎಂದು ನೋಡಲು ಎಂದೂ ಬೆರಳು ಹಾಕಬೇಡ. ಉಕ್ಕು ಒಂದಿಷ್ಟು ಜರುಗಿದರೆ ಬೆರಳು ಹೋಯಿತು.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ, ಆಚೆ ದಂಡೆಯ ಮುಂಡಕ್ಕೈಗೆ ಯಂತ್ರ, ಆಂಬುಲೆನ್ಸ್ ಯಾವುದೂ ಹೋಗಲಾರದೆ ನಿಂತವು. ಇದೇ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಸುರಿಯುವ ಮಳೆಯಲ್ಲಿ 190 ಅಡಿ ಉದ್ದದ ಬೇಲಿ ಸೇತುವೆ ಕಟ್ಟಿದರು. ಆಗಸ್ಟ್ 1ರ ಸಂಜೆ ಅದರ ಮೇಲೆ ವಾಹನಗಳು ಹೊರಟವು. ಆ ಕೆಲಸದ ಮುಂದಾಳುಗಳಲ್ಲಿ ಒಬ್ಬರು ಮೇಜರ್ ಸೀತಾ ಶೆಲ್ಕೆ ಎಂಬ ಮಹಿಳಾ ಅಧಿಕಾರಿ. ಉದ್ದಕ್ಕೆ ಹತ್ತು ಅಡಿಯ ಎಷ್ಟು ಚೌಕಟ್ಟುಗಳನ್ನು ಜೋಡಿಸಿರಬೇಕು ಹೇಳಿ? ತಮ್ಮ ಅಲ್ಲಿರಲಿಲ್ಲ. ಆದರೆ ಟಿವಿಯಲ್ಲಿ ಅದನ್ನು ತೋರಿಸಿದಾಗ ಆಯಿ ಓಣಿಯವರನ್ನೆಲ್ಲ ಕರೆದು ಕೂರಿಸಿ, 'ಬೆರಳು ಹಾಕಬಾರದು ನೋಡ್ರಿ ಅದರಾಗ' ಎಂದು ವಿವರಿಸಿದರಂತೆ.

ತರಬೇತಿಯ ಕೊನೆಗೆ ಕಸಮ್ ಪರೇಡ್. ರಾಷ್ಟ್ರಧ್ವಜದ ಎದುರು ಪ್ರತಿಜ್ಞೆ ಮಾಡುವ ದಿನ. ಅಪ್ಪ, ಅವ್ವ, ಆಯಿ ಮೂವರೂ ರಾತ್ರಿ ಬಸ್ಸಿಗೆ ಹೊರಟರು. ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಒಂದೇ ಥರದ ಬಟ್ಟೆ, ಒಂದೇ ಥರದ ನಡಿಗೆ, ಸಾಲುಗಳಲ್ಲಿ ತಮ್ಮ ಎಲ್ಲಿ ಎಂದು ಅವ್ವ ಹುಡುಕಿದ್ದೇ ಹುಡುಕಿದ್ದು. ಆಯಿ ಹುಡುಗನನ್ನು ಬಿಟ್ಟು ಧ್ವಜವನ್ನೇ ನೋಡುತ್ತಿದ್ದರು. ಪರೇಡ್ ಮುಗಿದು ಮೊಮ್ಮಗ ಓಡಿಬಂದು ಕಾಲಿಗೆ ಬಿದ್ದರೆ, ಅವರ ಮೊದಲ ಪ್ರಶ್ನೆ: 'ಅದು ಖಾದೀದೋ, ಪಾಲಿಸ್ಟರಿಂದೋ?'

'ಸಾವಧಾನ್‌ನ್ಯಾಗ ನಿಂತಾವ ಅರಿವಿ ಮುಟ್ಟಿ ನೋಡ್ತಾನೇನ್ ಆಯಿ?' ಎಂದನಂತೆ ಇವನು. ದೂರದಿಂದ ತನಗೂ ತಿಳಿಯಲಿಲ್ಲ ಎಂದು ಆಯಿಗೆ ಈಗಲೂ ಕೊರಗು.

ಅಗ್ನಿವೀರನ ನೌಕರಿ ನಾಲ್ಕು ವರ್ಷ. 2022ರಲ್ಲಿ ಬಂದ ಈ ಯೋಜನೆಯಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಸೈನ್ಯದಲ್ಲಿ ಮುಂದುವರಿಸುತ್ತಾರೆ. ಉಳಿದವರು ಸುಮಾರು ಹತ್ತು ಲಕ್ಷ ರೂಪಾಯಿಯ ಸೇವಾನಿಧಿ ಮತ್ತು ಕಲಿತ ಕೌಶಲದ ಪ್ರಮಾಣಪತ್ರ ಹಿಡಿದು ಊರಿಗೆ ಬರಬೇಕು. ಈ ಮನೆಯಲ್ಲಿ ಅದರ ಮಾತು ಬಂದರೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅಪ್ಪನಿಗೆ ಆ ದುಡ್ಡಿನಲ್ಲಿ ಎರಡು ಎಕರೆ ಎರೆಹೊಲ ಕೊಳ್ಳುವ ಯೋಚನೆ. ಅವ್ವನಿಗೆ ಅವನು ಆ ಇಪ್ಪತ್ತೈದರಲ್ಲಿ ಒಬ್ಬನಾಗಬೇಕು. ತಮ್ಮನಿಗೂ ಅದೇ ಆಸೆ. ಆಗದಿದ್ದರೆ ಧಾರವಾಡದಲ್ಲಿ ಬಡಗಿ ಅಂಗಡಿ ಹಾಕುತ್ತೇನೆ ಎನ್ನುತ್ತಾನೆ, ಆದರೆ ದನಿ ಸ್ವಲ್ಪ ಕೆಳಗಿಳಿಯುತ್ತದೆ. ಎರಡೂ ಸುಲಭವಲ್ಲ ಎಂದು ನನಗನ್ನಿಸಿತು, ಹೇಳಲಿಲ್ಲ.

ನಾನು ಹೊರಡುವಾಗ ಅವನು ಹಿತ್ತಲ ಬಾಗಿಲನ್ನು ಕಿತ್ತು ಅಂಗಳದಲ್ಲಿ ಮಲಗಿಸಿ, ಕೆಳಗಿನ ಅಂಚಿಗೆ ರಂದ ಹೊಡೆಯುತ್ತಿದ್ದ. ಹನ್ನೆರಡು ವರ್ಷದಿಂದ ನೆಲಕ್ಕೆ ಕಚ್ಚುತ್ತಿದ್ದ ಬಾಗಿಲಂತೆ. ಹೆರೆದ ಮರದ ಸುರುಳಿಗಳು ಸುತ್ತಲೂ ಬಿದ್ದಿದ್ದವು. ಓಣಿಯ ಎರಡು ಮಕ್ಕಳು ಅವನ್ನು ಕಿವಿಗೆ ಸಿಕ್ಕಿಸಿಕೊಂಡು ಕುಣಿಯುತ್ತಿದ್ದರು. ಬಾಗಿಲನ್ನು ಮತ್ತೆ ಕೂರಿಸಿ, ಒಂದು ಬೆರಳಿನಿಂದ ತಳ್ಳಿದ. ಸದ್ದಿಲ್ಲದೆ ಮುಚ್ಚಿಕೊಂಡಿತು. ಆಯಿ ಬಂದು ತೆರೆದರು, ಮುಚ್ಚಿದರು, ಕಣ್ಣನ್ನು ಸಂದಿಗೆ ಹಚ್ಚಿ ಬೆಳಕು ಬರುತ್ತದೆಯೇ ಎಂದು ನೋಡಿದರು.

'ಒಳಗ ಮೂರು ಕಿಡಕಿ ಅದಾವು' ಎಂದರು.

'ರಜಾ ನಾಳೀಗೆ ಮುಗೀತು, ಆಯಿ.'

'ಮುಂದಿನ ಸಲ ಬಂದಾಗ ಒಂದು ಮಾಡು. ಎಲ್ಲಾ ಒಮ್ಮೆಲೇ ಮಾಡಬ್ಯಾಡ.'