ಕಡಲ ಸುಳಿಯೂ ಬಂಗುಡೆಯ ಬುತ್ತಿಯೂ

ದಹಿಸರದ ಮಾರುಕಟ್ಟೆಯಲ್ಲಿ ಬಂಗುಡೆ ಕೊಳ್ಳುವ ನಮ್ಮ ಕರಾವಳಿಯ ಗೃಹಿಣಿಯರಿಗೆ ಮೀನಿನ ಧಾರಣೆ ಗೊತ್ತು. ಮೀನು ಏನುಂಡು ಬೆಳೆಯಿತೆಂಬುದನ್ನು ಬಲ್ಲವರು ವಿರಳ. ಅದರ ಊಟದಲ್ಲಿ ದೊಡ್ಡ ಪಾಲು ಪ್ರಾಣಿಪ್ಲವಕ. ಎಂದರೆ, ನೀರು ಒಯ್ದತ್ತ ತೇಲುವ ಸಣ್ಣ ಜೀವಿಗಳು. ಅಕ್ಕಿಕಾಳಿಗಿಂತ ಕಿರಿದಾದ, ಸಿಗಡಿಯ ದೂರದ ನೆಂಟನಾದ ಕೋಪೆಪಾಡ್ ಇವುಗಳಲ್ಲಿ ಪ್ರಧಾನವಾದುದು.

ಇವುಗಳ ಏಳುಬೀಳಿಗೆ ಕಡಲ ಸುಳಿಗಳೂ ಒಂದು ಕಾರಣ. ಇವು ಹೊಳೆಯ ಸುಳಿಯಂತೆ ದೋಣಿ ನುಂಗುವುದಿಲ್ಲ. ನೂರಾರು ಕಿಲೋಮೀಟರ್ ಅಗಲವಾಗಿ, ತಿಂಗಳುಗಟ್ಟಲೆ ಮೆಲ್ಲನೆ ತಿರುಗುತ್ತವೆ. ನಮ್ಮ ಉತ್ತರಾರ್ಧಗೋಳದಲ್ಲಿ ಸುಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿದರೆ ಆಳದ ತಂಪು ನೀರು ಪೋಷಕ ಲವಣಗಳೊಡನೆ ಮೇಲೇರುತ್ತದೆ. ಸಸ್ಯಪ್ಲವಕ ಹುಲುಸಾಗುತ್ತದೆ, ಅದನ್ನು ಮೇಯುವ ಪ್ರಾಣಿಪ್ಲವಕವೂ ಹೆಚ್ಚುತ್ತದೆ. ಮುಳ್ಳಿನಂತೆಯೇ ತಿರುಗಿದರೆ ಬೆಚ್ಚನೆಯ ನೀರು ಕೆಳಗೆ ಒತ್ತಿ, ಆ ಲವಣಗಳು ಆಳದಲ್ಲೇ ಉಳಿಯುತ್ತವೆ. ಲಕ್ಷದ್ವೀಪದ ಬಳಿ ಮುಂಗಾರಿನಲ್ಲಿ ಮೊದಲ ಬಗೆಯದು, ಚಳಿಗಾಲದಲ್ಲಿ ಎರಡನೆಯದು ಕಾಣುತ್ತದೆ.

ಎರಡನೆಯದು ನಿಷ್ಪ್ರಯೋಜಕವೆನ್ನಬೇಡಿ. ಕೆನಡದ ಪಡುಗಡಲಿನ ಹೈಡಾ ಸುಳಿಗಳು ಆ ಬಗೆಯವೇ. ಅವು ಕರಾವಳಿಯ ಪ್ಲವಕಗಳನ್ನು ಒಡಲಲ್ಲಿಟ್ಟುಕೊಂಡು ತಣ್ಣನೆಯ ನಡುಗಡಲಿಗೆ ಸಾಗಿಸುತ್ತವೆ.

1959ರಿಂದ 1965ರವರೆಗಿನ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನಾಯಾತ್ರೆಯಲ್ಲಿ ಬಲೆಗೆ ಬಿದ್ದ ಪ್ರಾಣಿಪ್ಲವಕಗಳನ್ನು, 1962ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರದಲ್ಲಿ ವರ್ಗವರ್ಗವಾಗಿ ವಿಂಗಡಿಸಿದರು. ದಿನವೂ ಕಡತ ವಿಂಗಡಿಸುವ ನಮ್ಮಂಥವರು ಆ ತಾಳ್ಮೆಗೆ ತಲೆಬಾಗಬೇಕು.

ಮೀನಿನ ಏರಿಳಿತಕ್ಕೆ ಕಾರಣಗಳು ಹಲವು. ಆದರೂ ಬಲೆ ಬರಿದಾದರೆ ಮೊಗವೀರರ ಮನೆಯ ಒಲೆಯೂ ತಣ್ಣಗಾಗುವುದರಿಂದ, ಕಣ್ಣಿಗೆ ಬೀಳದ ಈ ಜೀವಿಗಳ ಲೆಕ್ಕ ಬಡವನ ಅನ್ನದ ಲೆಕ್ಕವೂ ಹೌದು.