ದ್ವೀಪದ ಗಿಡ್ಡಾನೆ, ಸುರಪುರ ಸೀಮೆಯ ದವಡೆಹಲ್ಲು

ಸೈದಾಪುರದಿಂದ ಯಾದಗಿರಿ ಹಾದು, ಭೀಮೆ ದಾಟಿ, ಶಹಾಪುರ, ಸುರಪುರಗಳನ್ನು ಹಿಂದೆ ಹಾಕಿದರೆ ಹುಣಸಗಿ–ಬೈಚಬಾಳ ಕಣಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಟ್ಟಲೆ ತಿರುಗಿ ಆದಿಮಾನವನ ಕೈಗೊಡಲಿಗಳನ್ನು ಹುಡುಕಿದ ಹೊಲಗಳಿವು. ಕಲ್ಲು ರಾಶಿಗಟ್ಟಲೆ ಸಿಕ್ಕಿತು. ಮೂಳೆ ತೀರಾ ಅಪರೂಪ. ಸಿಕ್ಕ ಅಲ್ಪಸ್ವಲ್ಪದಲ್ಲೇ ಸದಬ, ತೆಗ್ಗಿಹಳ್ಳಿಗಳ ಆನೆಹಲ್ಲುಗಳಿದ್ದವು.

ಆ ಹಲ್ಲುಗಳ ಕಾಲ ತಿಳಿಯಲು ಯುರೇನಿಯಂ ನೆರವಾಯಿತು. ಜೀವಂತ ಆನೆಯ ಹಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೂತ ಮೇಲೆ ಅದು ಅಂತರ್ಜಲದೊಂದಿಗೆ ಒಳಗಿಳಿದು, ನಿಧಾನಕ್ಕೆ ಥೋರಿಯಂ ಆಗುತ್ತದೆ. ಎರಡರ ಪ್ರಮಾಣ ಅಳೆದು 1990ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸದಬದ ಹಲ್ಲಿಗೆ ಸುಮಾರು 2.9 ಲಕ್ಷ ವರ್ಷ, ತೆಗ್ಗಿಹಳ್ಳಿಯದ್ದಕ್ಕೆ 3.5 ಲಕ್ಷಕ್ಕೂ ಹೆಚ್ಚು. ಆ ತೆಗ್ಗಿಹಳ್ಳಿಯಲ್ಲೇ ಸಿಕ್ಕ ದನದ ಜಾತಿಯ ಹಲ್ಲು ಮಾತ್ರ 2.87 ಲಕ್ಷ ಎಂದಿತು! ಯುರೇನಿಯಂ ಯಾವಾಗ ಒಳಸೇರಿತೆಂಬುದು ಖಚಿತವಿಲ್ಲದ್ದರಿಂದ ಈ ವಿಧಾನಕ್ಕೆ ಇಂಥ ತಕರಾರು ತಪ್ಪಿದ್ದಲ್ಲ. ಮುಂದೆ ಅದೇ ಕಣಿವೆಯ ಇಸಾಂಪುರದ ಹಲ್ಲುಗಳನ್ನು ಬೇರೆ ವಿಧಾನದಲ್ಲಿ ಪರೀಕ್ಷಿಸಿದಾಗ ಕಾಲ 12 ಲಕ್ಷ ವರ್ಷದಾಚೆಗೆ ಸರಿಯಿತು.

ಇಲ್ಲಿ ಹಲ್ಲು ಕಾಲ ಹೇಳಿದರೆ, ಮೆಡಿಟರೇನಿಯನ್ ದ್ವೀಪಗಳಲ್ಲಿ ಅದು ಕುಲವನ್ನೇ ಹೇಳಿತು. ಸಿಸಿಲಿಯಲ್ಲಿ ಭುಜದೆತ್ತರ ಒಂದು ಮೀಟರಿನಷ್ಟೇ ಇದ್ದ ಆನೆಗಳಿದ್ದವು, ನಮ್ಮ ಮನೆಯ ಕರುವಿನೆತ್ತರ. ಅವುಗಳ ಸೋದರ ಸಂಬಂಧಿ, ನರ್ಮದಾ ಕಣಿವೆಯ ಪೇಲಿಯೋಲಾಕ್ಸೋಡಾನ್ ನಮಾಡಿಕಸ್, ನಾಲ್ಕು ಮೀಟರ್ ಮೀರಿದ ದೈತ್ಯ. ದ್ವೀಪದಲ್ಲಿ ಮೇವು ಕಡಿಮೆ, ಹುಲಿ-ಸಿಂಹದ ಕಾಟವಿಲ್ಲ. ದೊಡ್ಡ ಮೈ ಹೊರೆಯೇ. ಹಾಗಂತ ಸಿಕ್ಕ ಚಿಕ್ಕ ಮೂಳೆಯೆಲ್ಲ ಗಿಡ್ಡಾನೆಯದಲ್ಲ, ಮರಿಯದೂ ಇದ್ದೀತು. ಆನೆಗೆ ದವಡೆಯ ಪ್ರತಿ ಬದಿಯಲ್ಲಿ ಆರು ಹಲ್ಲು ಒಂದರ ಹಿಂದೊಂದು ಸರಿದು ಬರುತ್ತವೆ. ಕೊನೆಯದು ಸವೆದಿದ್ದರೆ ಅದು ಮುದಿಯಾನೆ, ಎತ್ತರ ಎಷ್ಟೇ ಇರಲಿ.

ಪಳೆಯುಳಿಕೆ ತಜ್ಞೆ ಡೊರೊಥಿಯಾ ಬೇಟ್ 1902ರಲ್ಲಿ ಸೈಪ್ರಸ್‌ನಲ್ಲಿ ಗಿಡ್ಡಾನೆ ಪತ್ತೆಹಚ್ಚಿದ್ದಳು; ಎರಡು ವರ್ಷದ ಬಳಿಕ ಕ್ರೀಟ್‌ನಲ್ಲೂ. ಆ ಕ್ರೀಟ್ ಹಲ್ಲುಗಳನ್ನು ವಿಜ್ಞಾನಿಗಳಾದ ವಿಕ್ಟೋರಿಯಾ ಹೆರಿಡ್ಜ್, ಏಡ್ರಿಯನ್ ಲಿಸ್ಟರ್ ಮತ್ತೆ ಕೈಗೆತ್ತಿಕೊಂಡು, 2012ರಲ್ಲಿ ಅವು ಮ್ಯಾಮತ್‌ನವು ಎಂದು ಸಾಬೀತು ಮಾಡಿದರು. ಶತಮಾನ ಹಳೆಯ ಸಂಗ್ರಹವೇ ಹೊಸ ಸುದ್ದಿಯಾಯಿತು.

ನನಗೆ ಹೊಟ್ಟೆಕಿಚ್ಚು ಇಲ್ಲಿಯೇ. ನಮ್ಮಲ್ಲಿ ಕಾಲ ತಿಳಿಯಲು ಹಲ್ಲಿನ ಒಂದು ಪಾಲನ್ನು ಪುಡಿ ಮಾಡಲೇಬೇಕಿತ್ತು. ಹೊಸದು ಸಿಗಬೇಕಾದ ನೆಲವೂ ಬದಲಾಗಿದೆ: ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಕಣಿವೆಯ ಹೊಲ ಸಮತಟ್ಟಾಯಿತು, ಭತ್ತ ಬಂತು, ಹಲವು ನೆಲೆಗಳು ಹಾಳಾದವು. ನೀರು ಕಂಡ ರೈತನನ್ನು ದೂರುವಂತಿಲ್ಲ. ಆದರೆ ಟ್ರ್ಯಾಕ್ಟರ್ ಮಣ್ಣು ಕೆರೆಯುವ ಮುನ್ನ ಒಮ್ಮೆ ಅಲ್ಲಿ ಕಣ್ಣಾಡಿಸಿ ಬರುವ ವ್ಯವಸ್ಥೆ ಜಿಲ್ಲೆಗೆ ಬೇಕು.